ಸ್ಪ್ಯಾನಿಷ್ ಕ್ರಿಯಾಪದಗಳಿಗೆ ಬಂದ ಅಪವಾದ

ಸ್ಪ್ಯಾನಿಷ್ ಭಾಷೆಯ ಅನೇಕ ಕ್ರಿಯಾಪದಗಳು ಕ್ರಮತಪ್ಪಿದವುಗಳೆಂದೂ, ಅವನ್ನು ಬಾಯಿಪಾಠ ಮಾಡುವುದಲ್ಲದೆ ಗತ್ಯಂತರವಿಲ್ಲವೆಂದೂ ಸಾರುವ ಕೈಪಿಡಿಗಳಿಗೆ ಕೊರತೆಯಿಲ್ಲ. ಈ ಬೋಧನೆ ಬೋಧಕನಿಗೆ ಸುಲಭ; ವಿದ್ಯಾರ್ಥಿಗೆ ಮಾತ್ರ ಅನ್ಯಾಯ.

ಆ ಭಾಷೆಯಲ್ಲಿ ಸ್ವರಾಘಾತವು, ಎಂದರೆ ಒಂದಕ್ಷರವನ್ನು ಬಲವಾಗಿ ಉಚ್ಚರಿಸುವುದು, ಅಲಂಕಾರವಲ್ಲ, ಅರ್ಥದ ಜೀವಾಳ. 'ಅಬ್ಲೊ' ಎಂಬಲ್ಲಿ ಆಘಾತವು ಮೊದಲಕ್ಷರದ ಮೇಲೆ ಬಿದ್ದರೆ 'ಮಾತನಾಡುತ್ತೇನೆ' ಎಂದೂ, ಕಡೆಯಕ್ಷರದ ಮೇಲೆ ಬಿದ್ದರೆ 'ಮಾತನಾಡಿದನು' ಎಂದೂ ಅರ್ಥವಾಗುತ್ತದೆ. ಇದನ್ನು ಕಡೆಗಣಿಸಿ ವ್ಯಾಕರಣ ಕಲಿಸುವುದು ಹೇಗೆ?

ಅಕ್ಷರವಿಭಾಗವೇ ಪದವಿಭಾಗವೆಂಬುದು ಇನ್ನೊಂದು ಭ್ರಾಂತಿ. 'ಮಾತನಾಡುತ್ತಿದ್ದೆವು' ಎಂಬರ್ಥದ 'ಅಬ್ಲಾಬಮೊಸ್' ಉಚ್ಚಾರಣೆಯಲ್ಲಿ ಅ-ಬ್ಲಾ-ಬ-ಮೊಸ್ ಎಂದು ಒಡೆಯುತ್ತದೆ. ವ್ಯಾಕರಣದಲ್ಲಿಯಾದರೋ 'ಅಬ್ಲ್' ಧಾತು, 'ಆ' ಗಣಸೂಚಕ ಸ್ವರ, 'ಬ' ಕಾಲಸೂಚಕ, 'ಮೊಸ್' ಪುರುಷವಚನಸೂಚಕ. ಕನ್ನಡಿಗರಿಗೆ ಇದು ಹೊಸತಲ್ಲ: 'ಮಾಡಿದೆನು' ಎಂಬುದರ ಅಕ್ಷರಗಳು ಮಾ-ಡಿ-ದೆ-ನು; ಅಂಗಗಳು ಮಾಡು, ದ, ಎನು.

ಈ ಎರಡನ್ನೂ ಅರಿತವನಿಗೆ 'ಕ್ರಮತಪ್ಪಿದ' ರೂಪಗಳಲ್ಲಿ ಕ್ರಮವೇ ಕಾಣುವುದು. 'ಎಣಿಸು' ಎಂಬರ್ಥದ 'ಕೊಂತಾರ್' ಧಾತುವಿಗೆ ವರ್ತಮಾನದಲ್ಲಿ ಆರು ರೂಪಗಳು. ಕ್ವೆಂತೊ, ಕ್ವೆಂತಸ್, ಕ್ವೆಂತ, ಕ್ವೆಂತನ್ ಎಂಬ ನಾಲ್ಕರಲ್ಲಿ ಆಘಾತವು ಧಾತುವಿನ ಮೇಲಿದೆ. ಅಲ್ಲಿ ಒಕಾರವು ಒಡೆದಿದೆ. ಕೊಂತಾಮೊಸ್, ಕೊಂತಾಯ್ಸ್ ಎಂಬೆರಡರಲ್ಲಿ ಆಘಾತವು ಮುಂದೆ ಸರಿದಿದೆ. ಅಲ್ಲಿ ಒಕಾರವು ಅಖಂಡ. ಲ್ಯಾಟಿನ್ನಿನ ಹ್ರಸ್ವ ಒಕಾರವು ಆಘಾತಕ್ಕೆ ಸಿಕ್ಕಿದೆಡೆ ಹೀಗೆ ಒಡೆಯಿತು. 'ಒಳ್ಳೆಯ' ಎಂಬರ್ಥದ 'ಬ್ವೆನೊ', 'ಒಳ್ಳೆಯತನ' ಎಂಬರ್ಥದ 'ಬೊಂದಾದ್' ಎಂಬ ನಾಮಪದಗಳೂ ಅದಕ್ಕೇ ಸಾಕ್ಷಿ.

ಒಕಾರವುಳ್ಳ ಧಾತುಗಳೆಲ್ಲ ಹೀಗಲ್ಲವೆಂದು ಪ್ರತಿವಾದಿಗಳು ಹೇಳಬಹುದು. ನಿಜ, 'ತಿನ್ನು' ಎಂಬರ್ಥದ 'ಕೊಮೇರ್' ಆಘಾತ ಬಿದ್ದರೂ 'ಕೊಮೊ' ಎಂದೇ ಇರುವುದು. 'ಇರು' ಎಂಬರ್ಥದ 'ಸೇರ್', 'ಹೋಗು' ಎಂಬರ್ಥದ 'ಈರ್' ಎಂಬಂಥವು ನಿಜವಾಗಿಯೂ ಕ್ರಮತಪ್ಪಿದವೇ. ಆದುದರಿಂದ ಯಾವ ಧಾತು ಒಡೆಯುವುದೆಂಬುದನ್ನು ನೆನಪಿಡಬೇಕು. ಯಾವ ರೂಪದಲ್ಲಿ ಒಡೆಯುವುದೆಂಬುದನ್ನು ನೆನಪಿಡಬೇಕಾಗಿಲ್ಲ. ಆರು ನೆನಪುಗಳ ಹೊರೆ ಒಂದಕ್ಕಿಳಿಯುವುದು ಅಲ್ಪಲಾಭವೆ?

೧೪೯೨ರಲ್ಲಿ ಅಂತೋನಿಯೊ ದೆ ನೆಬ್ರಿಹ ಈ ಭಾಷೆಯನ್ನು ನಿಯಮಕ್ಕೆ ತರಲೆಂದೇ ವ್ಯಾಕರಣವನ್ನು ರಚಿಸಿದನು. ಐದು ಶತಮಾನಗಳು ಕಳೆದ ಮೇಲೂ ನಿಯಮವನ್ನು ಮರೆಮಾಡಿ ಪಟ್ಟಿಗಳನ್ನು ಒಪ್ಪಿಸುವುದು ಬೋಧನೆಯಲ್ಲ. ಪಟ್ಟಿಯ ಭಾರಕ್ಕೆ ಕುಗ್ಗಿದ ವಿದ್ಯಾರ್ಥಿಯು ತನ್ನ ಬುದ್ಧಿಯನ್ನೇ ಹಳಿದುಕೊಂಡು ಭಾಷೆಯನ್ನು ಬಿಡುತ್ತಾನೆ. ವ್ಯಾಕರಣದಲ್ಲಿ ಅಪವಾದಗಳು ಇರಬಹುದು. ಆದರೆ ನಿಯಮದಂತೆ ನಡೆದ ಪದದ ಮೇಲೆ ಅಪವಾದವನ್ನು ಹೊರಿಸಬಾರದು.