ಅದು ಭಿಕ್ಷೆಯಲ್ಲ, ಬಾಕಿ

ಓಝೋನ್ ಪದರ ಉಳಿಸಲು ಬಡ ದೇಶಗಳಿಗೆ ಕೊಡುವ ಹಣ ಸಿರಿವಂತರ ಔದಾರ್ಯ, ಅದನ್ನಿನ್ನು ನಿಲ್ಲಿಸಬಹುದು ಎಂಬ ವಾದವನ್ನು ಒಪ್ಪಲಾಗದು. ದಶಕಗಟ್ಟಲೆ ಈ ಪದರವನ್ನು ಕೊರೆಯುವ ಸಿಎಫ್‌ಸಿ ಅನಿಲವನ್ನು ಗಾಳಿಗೆ ಬಿಟ್ಟವರಲ್ಲಿ ದೊಡ್ಡ ಪಾಲು ಯಾರದು? ಮನೆಮನೆಗೂ ಫ್ರಿಜ್ಜು ತಲುಪಿದ್ದ ಆ ಸಿರಿವಂತ ದೇಶಗಳದ್ದೇ.

ಓಝೋನ್ ರಕ್ಷಣೆಗಾಗಿ ಆದ 1987ರ ಮಾಂಟ್ರಿಯಲ್ ಒಪ್ಪಂದದಲ್ಲಿ ಹಣದ ಖಚಿತ ಏರ್ಪಾಡು ಇರಲಿಲ್ಲ. ಭಾರತ, ಚೀನಾ ದೂರ ನಿಂತವು. 1990ರಲ್ಲಿ ಲಂಡನ್ನಿನಲ್ಲಿ ಬಹುಪಕ್ಷೀಯ ನಿಧಿಗೆ ಒಪ್ಪಿಗೆ ಸಿಕ್ಕಿತು. ಭಾರತ ಒಪ್ಪಂದಕ್ಕೆ ಸೇರಿದ್ದು ಅದಾದ ಮೇಲೆ, 1992ರಲ್ಲಿ. ಈ ನಿಧಿ ಯಾರಿಗೂ ಹಣ ಸುರಿಯುವುದಿಲ್ಲ; ಹಳೆಯ ತಂತ್ರಜ್ಞಾನ ಬಿಟ್ಟು ಹೊಸದಕ್ಕೆ ಹೋಗುವಾಗ ತಗಲುವ ಹೆಚ್ಚುವರಿ ವೆಚ್ಚವನ್ನಷ್ಟೇ ಲೆಕ್ಕ ಹಾಕಿ ಕೊಡುತ್ತದೆ. ಕಾರ್ಯಕಾರಿ ಸಮಿತಿಯ 14 ಸ್ಥಾನಗಳಲ್ಲಿ 7 ಅಭಿವೃದ್ಧಿಶೀಲ ದೇಶಗಳವು. ದಾನ ಪಡೆಯುವವನಿಗೆ ಇಂಥ ಸಮಪಾಲು ಎಲ್ಲಿದೆ?

ಆ ಹೆಚ್ಚುವರಿ ವೆಚ್ಚ ಎಂಥದೆಂದು ತಿಳಿಯಲು ಬೀದಿ ಬದಿಯ ರಿಪೇರಿ ಅಂಗಡಿಗೆ ಬನ್ನಿ. ಫ್ರಿಜ್ಜಿನ ಕೊಳವೆ ಕತ್ತರಿಸಿದರೆ ಅನಿಲ ಬುಸ್ಸೆಂದು ಆಕಾಶ ಸೇರುತ್ತದೆ. ಅದನ್ನು ಸಿಲಿಂಡರಿಗೆ ಹಿಡಿದಿಡಲು ಯಂತ್ರ ಬೇಕು, ತರಬೇತಿ ಬೇಕು. ಅಂದಂದಿನ ದುಡಿಮೆಯಲ್ಲಿ ಬದುಕುವ ಮೆಕ್ಯಾನಿಕ್ ಆ ಖರ್ಚನ್ನು ಸ್ವಂತ ಜೇಬಿನಿಂದ ಹಾಕಬೇಕೆ?

ಕೆಲಸ ಮುಗಿದಿಲ್ಲ. ಸಿಎಫ್‌ಸಿಯ ಬದಲಿಗೆ ಬಂದ ಎಚ್‌ಸಿಎಫ್‌ಸಿಗೆ 2030ರ ಗಡುವಿದೆ. ಇದೇ ಒಪ್ಪಂದದ 2016ರ ಕಿಗಾಲಿ ತಿದ್ದುಪಡಿಯಂತೆ, ಅದರ ನಂತರದ ಬದಲಿಯಾದ ಎಚ್‌ಎಫ್‌ಸಿಯನ್ನೂ ಇಳಿಸಬೇಕಿದೆ. ಈ ಹೊತ್ತಿನಲ್ಲಿ ನಿಧಿ ನಿಲ್ಲಿಸಿದರೆ ಗೆದ್ದ ಪಂದ್ಯವನ್ನು ಕೊನೆಯಲ್ಲಿ ಕೈಚೆಲ್ಲಿದಂತೆ.