ಚೆಂಡು ಹೂ ಹುಳವನ್ನು ಓಡಿಸುವುದಿಲ್ಲ, ಕರೆಯುತ್ತದೆ!

ನಮ್ಮ ಆದೋನಿ ಅಂದರೆ ಹತ್ತಿ, ಪತ್ತಿಕೊಂಡ ಅಂದರೆ ಟೊಮೇಟೊ. ಎರಡನ್ನೂ ಕೊರೆಯುವ ಹುಳ ಹಸಿರು ಕಾಯಿಕೊರಕ. "ಹೊಲದಲ್ಲಿ ಚೆಂಡು ಹೂ ಹಾಕಿದರೆ ಹುಳ ಓಡಿಹೋಗುತ್ತದೆ" ಎಂದು ನಾವು ಮೇಷ್ಟ್ರುಗಳೂ ಮಕ್ಕಳಿಗೆ ಹೇಳಿಬಿಡುತ್ತೇವೆ. ನಿಜ ಸಂಗತಿ ಉಲ್ಟಾ. ಆ ಹುಳದ ಪತಂಗಕ್ಕೆ ಚೆಂಡು ಹೂವೆಂದರೆ ಬಲು ಇಷ್ಟ, ಹೆಚ್ಚು ಮೊಟ್ಟೆ ಅಲ್ಲೇ ಇಡುತ್ತದೆ. ಅದಕ್ಕೇ ಇದು ಬಲೆ ಬೆಳೆ.

ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಲೆಕ್ಕ ಹೀಗಿದೆ: 16 ಸಾಲು ಟೊಮೇಟೊಗೆ 1 ಸಾಲು ಚೆಂಡು ಹೂ. ಚೆಂಡು ಹೂವಿನ ಸಸಿ 45 ದಿನದ್ದು, ಟೊಮೇಟೊ ಸಸಿ 25 ದಿನದ್ದು, ನಾಟಿ ಒಟ್ಟಿಗೇ. ಆಗ ಎರಡೂ ಒಂದೇ ಸಮಯಕ್ಕೆ ಹೂ ಬಿಡುತ್ತವೆ. ಆದರೆ ಹೂವಿನಲ್ಲಿ ಸೇರಿದ ಹುಳವನ್ನು ಆರಿಸಿ ತೆಗೆಯದಿದ್ದರೆ ಬಲೆಯೇ ಹುಳದ ಮನೆಯಾಗುತ್ತದೆ. ಹತ್ತಿಯ ಗುಲಾಬಿ ಕಾಯಿಕೊರಕವಂತೂ ಬೇರೆ ಜಾತಿ, ಅದಕ್ಕೆ ಚೆಂಡು ಹೂ ಮದ್ದಲ್ಲ.

ಮಕ್ಕಳು ಶಾಲೆಯಲ್ಲಿ ಕೇಳಿದ್ದನ್ನು ಮನೆಯಲ್ಲಿ ಅಪ್ಪನಿಗೆ ಹೇಳುತ್ತಾರೆ. ಆ ಅಪ್ಪ ಸಾಲ ಮಾಡಿ ಬೆಳೆ ಇಟ್ಟವನು. ನಮ್ಮ ಅರ್ಧ ಪಾಠಕ್ಕೆ ಅವನ ಬೆಳೆ ಹೋಗಬಾರದು. ಶಾಲೆಯ ಕೈತೋಟದಲ್ಲಿ ಒಂದು ಸಾಲು ಹಾಕೋಣ, ಹೂ ಬಿಡಿಸಿ ಹುಳ ಎಷ್ಟಿವೆ ಎಂದು ಮಕ್ಕಳೇ ಎಣಿಸಲಿ. ಏನಂತೀರಿ?