ಕೆಂಪು ಅಕ್ಷರದ ದಿನಗಳು

ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಅಕ್ಷರದಲ್ಲಿ ಅಚ್ಚಾದ ದಿನವೆಂದರೆ ಕಾಯಂ ನೌಕರನಿಗೆ ಬಿಡುವು. ಹಂಗಾಮಿ ನೌಕರನಿಗೆ ಲೆಕ್ಕ. ಆ ದಿನವು ದುಡಿದ ದಿನವೆನಿಸುವುದೋ ಇಲ್ಲವೋ ಎಂಬುದರ ಮೇಲೆ, ಕೆಲಸ ಹೋದ ಮೇಲೆ ಅವನ ಕೈಗೆ ನಾಲ್ಕು ಕಾಸು ಬರುವುದೋ ಬಾರದೋ ಎಂಬುದು ನಿಂತಿರುತ್ತದೆ. ಇಂಥ ನೌಕರಿಯಲ್ಲಿರುವ ಮಗನೋ ಮಗಳೋ ನಮ್ಮ ವಾಚಕರಲ್ಲಿ ಹಲವರ ಮನೆಗಳಲ್ಲಿ ಇರುವರಾದುದರಿಂದ ಈ ವಿಷಯವನ್ನು ತಿಳಿದಿರುವುದು ಲೇಸು.

ಕೆಲಸವಿಲ್ಲದವರಿಗೆಲ್ಲ ಸರಕಾರವೇ ಭತ್ಯೆ ಕೊಡುವ ಪದ್ಧತಿ ಕೆಲವು ದೇಶಗಳಲ್ಲುಂಟು, ನಮ್ಮಲ್ಲಿಲ್ಲ. ನಮ್ಮಲ್ಲಿ ಆಸರೆಯಾಗಿ ಬಂದದ್ದು 1947ರ ಕೈಗಾರಿಕಾ ವಿವಾದಗಳ ಕಾಯಿದೆಗೆ 1953ರಲ್ಲಿ ಸೇರಿದ ಪರಿಹಾರದ ವಿಧಿ. ವರ್ಷವೊಂದು ಸೇವೆ ಸಲ್ಲಿಸಿದವನನ್ನು ಕೆಲಸದಿಂದ ತೆಗೆಯುವಾಗ ಮಾಲೀಕನು ಒಂದು ತಿಂಗಳ ನೋಟೀಸನ್ನೋ ಅದರ ಬದಲು ಸಂಬಳವನ್ನೋ ಕೊಡಬೇಕು. ಜೊತೆಗೆ ವರ್ಷಕ್ಕೆ ಹದಿನೈದು ದಿನಗಳಂತೆ ಸರಾಸರಿ ವೇತನ. ಆದರೆ ಹಿಂದಿನ ಹನ್ನೆರಡು ತಿಂಗಳಲ್ಲಿ ಅವನು 240 ದಿನ ವಾಸ್ತವವಾಗಿ ಕೆಲಸ ಮಾಡಿರಬೇಕು.

‘ವಾಸ್ತವವಾಗಿ’ ಎಂಬ ಈ ಒಂದು ಮಾತಿನಲ್ಲಿಯೇ ತೊಡಕು ಅಡಗಿತ್ತು. ಅಮೆರಿಕನ್ ಎಕ್ಸ್‌ಪ್ರೆಸ್ ಬ್ಯಾಂಕಿನ ಹಂಗಾಮಿ ನೌಕರನೊಬ್ಬನು 1974ರ ನವೆಂಬರಿನಿಂದ 1975ರ ಅಕ್ಟೋಬರಿನವರೆಗೆ ನಡುನಡುವೆ ವಿರಾಮಗಳೊಡನೆ ದುಡಿದಿದ್ದನು. ಭಾನುವಾರಗಳನ್ನೂ ಸಂಬಳದ ರಜೆಗಳನ್ನೂ ಕೂಡಿಸಿದರೆ 275 ದಿನ; ಕಳೆದರೆ 220. ಬ್ಯಾಂಕು ಕಳೆಯಿತು, ನೌಕರನು ಕೂಡಿಸಿದನು. 1985ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರು ನೌಕರನ ಲೆಕ್ಕವೇ ಸರಿಯೆಂದರು. ಕೈಯಲ್ಲಿ ಉಪಕರಣ ಹಿಡಿದ ದಿನಗಳಷ್ಟೇ ಅಲ್ಲ, ಸೇವೆಯಲ್ಲಿದ್ದು ಸಂಬಳ ಪಡೆದ ದಿನಗಳೆಲ್ಲವೂ ಕೆಲಸದ ದಿನಗಳೇ ಎಂಬುದು ತೀರ್ಪಿನ ಸಾರ. ದಿನಕ್ಕೆ ಕೆಲವೇ ಗಂಟೆ ದುಡಿಯುವ ಅರೆಕಾಲಿಕ ನೌಕರನಿಗೂ ಈ ವಿಧಿಯ ರಕ್ಷಣೆ ಉಂಟೆಂದು ಅದೇ ನ್ಯಾಯಾಲಯ 2008ರಲ್ಲಿ ಹೇಳಿತು.

ಇಷ್ಟಾದರೂ ಎಲ್ಲರ ಸಂಕಟವೂ ತೀರಲಿಲ್ಲ. ತೀರ್ಪಿನ ಜೀವಾಳವಿರುವುದು ‘ಸಂಬಳ ಪಡೆದ’ ಎಂಬ ಮಾತಿನಲ್ಲಿ. ಹಬ್ಬದ ದಿನ ಬಾಗಿಲು ಮುಚ್ಚಿ, ಕೂಲಿಯನ್ನೂ ಕೊಡದೆ ಕಳುಹಿಸಿದರೆ ಆಳಿಗೆ ಎರಡು ನಷ್ಟ: ಅಂದಿನ ಊಟದ ಕಾಸೂ ಹೋಯಿತು, 240ರ ಎಣಿಕೆಯಿಂದ ಒಂದು ದಿನವೂ ಜಾರಿತು. ಅಂದಿನ ಮೈಸೂರು ರಾಜ್ಯವು 1963ರಲ್ಲಿಯೇ ಕೈಗಾರಿಕಾ ಸಂಸ್ಥೆಗಳಿಗೆ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯಿದೆಯನ್ನು ಮಾಡಿ, ಆ ರಜೆಗಳಿಗೆ ವೇತನ ಸಲ್ಲಬೇಕೆಂದು ವಿಧಿಸಿದ್ದರ ಬೆಲೆ ಇಲ್ಲಿ ತಿಳಿಯುತ್ತದೆ.

2025ರ ನವೆಂಬರ್ 21ರಂದು ಹಳೆಯ ಕಾಯಿದೆಯ ಸ್ಥಾನಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಹೆಸರು ಹೊಸದು, 240ರ ಎಣಿಕೆ ಹಳೆಯದೇ.

ಆದುದರಿಂದ ಹೊಸದಾಗಿ ಕೆಲಸಕ್ಕೆ ಸೇರಿದ ಮಕ್ಕಳಿಗೆ ಹಿರಿಯರು ಹೇಳಬೇಕಾದ ಬುದ್ಧಿಮಾತು ಒಂದಿದೆ: ಸಂಬಳದ ಚೀಟಿಯನ್ನು ಎಸೆಯಬೇಡಿ, ರಜೆಯ ದಿನಕ್ಕೆ ವೇತನ ಸಂದಿದೆಯೇ ಎಂದು ಅದರಲ್ಲಿ ನೋಡಿಕೊಳ್ಳಿ. ನಾಲ್ವರನ್ನು ಕೆಲಸಕ್ಕಿಟ್ಟುಕೊಂಡಿರುವ ವಾಚಕರಿಗೂ ಒಂದು ಮಾತು: ಹಬ್ಬದ ದಿನದ ಕೂಲಿ ನೀವು ಕೊಡುವ ಇನಾಮಲ್ಲ, ದುಡಿಯುವವನು ಮುಂದಿನ ಕಷ್ಟಕಾಲಕ್ಕೆ ಕೂಡಿಟ್ಟುಕೊಳ್ಳುವ ಒಂದು ದಿನ.